ಕಡೆಯುವ ಯಂತ್ರವನ್ನು ಕೊಳ್ಳುವ ಮುನ್ನ

ಕನ್ನಡ ಪಾಠ ಹೇಳಿ ನಿವೃತ್ತನಾದವನು ಲೇತ್ ಯಂತ್ರದ ವಿಷಯವಾಗಿ ಮಾತನಾಡಹೊರಟರೆ ಶ್ರೋತೃಗಳು ಹುಬ್ಬೇರಿಸುವುದು ಸಹಜ. ನನ್ನ ಸಮಾಧಾನ ಇಷ್ಟೆ. ನಾನು ವಾಸವಾಗಿರುವುದು ಚಿಕ್ಕಬಾಣಾವರದಲ್ಲಿ. ಪೀಣ್ಯದ ಕೈಗಾರಿಕಾ ಪ್ರದೇಶ ಇಲ್ಲಿಂದ ಕೆಲವೇ ಕಿಲೋಮೀಟರುಗಳ ದೂರ. ಅಲ್ಲಿನ ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಪಿನ್ನು, ಬುಷ್ಷು, ಹಿತ್ತಾಳೆಯ ತಿರುಪುಗಳನ್ನು ಒದಗಿಸುವ ತಗಡಿನ ಷೆಡ್ಡುಗಳು ನಮ್ಮ ಬೀದಿಗಳಲ್ಲಿಯೂ ಉಂಟು. ಅಂಥದೊಂದು ಷೆಡ್ಡಿನ ಒಡೆಯ ನನ್ನ ಹಳೆಯ ವಿದ್ಯಾರ್ಥಿ. ಹೊಸ ಯಂತ್ರ ಬಂದರೆ ಅದರ ಕೈಪಿಡಿಯನ್ನು ಕೆಲಸಗಾರರಿಗಾಗಿ ಕನ್ನಡದಲ್ಲಿ ಬರೆದುಕೊಡಬೇಕೆಂದು ಆತ ಮುಂದಾಗಿಯೇ ಕೇಳಿಕೊಂಡ. ಬರೆಯಬೇಕಾದರೆ ತಿಳಿಯಬೇಕಲ್ಲವೆ? ಹಾಗಾಗಿ ಕೆಲವು ತಿಂಗಳು ನಾನೂ ಅಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ವಿದ್ಯಾರ್ಥಿಯಾದೆ.

ಕನ್ನಡದಲ್ಲಿ ‘ಕಡೆ’ ಎಂಬುದು ವಿಶಾಲವಾದ ಧಾತು. ಮಜ್ಜಿಗೆಯನ್ನು ಕಡೆಯುತ್ತೇವೆ, ವಿಗ್ರಹವನ್ನು ಕಡೆಯುತ್ತೇವೆ. ಚನ್ನಪಟ್ಟಣದ ಕುಶಲಕರ್ಮಿ ಮರದ ತುಂಡನ್ನು ತಿರುಗಿಸಿ ಉಳಿ ಹಿಡಿದು ಬೊಂಬೆಯನ್ನು ಕಡೆಯುತ್ತಾನೆ. ಲೋಹದ ಲೇತ್ ಮಾಡುವುದೂ ಇದನ್ನೇ: ವಸ್ತು ತಿರುಗುತ್ತದೆ, ಉಳಿ ಸರಿಯುತ್ತದೆ. ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಆರಂಭವಾದದ್ದು 1941ರಲ್ಲಿ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದೊಡನೆ ಎಚ್.ಎಂ.ಟಿ. ಬೆಂಗಳೂರಿನಲ್ಲಿ ಹುಟ್ಟಿದ್ದು 1953ರಲ್ಲಿ. ಹಳೆಯ ಲೇತಿನಲ್ಲಿ ಉಳಿಯನ್ನು ಸರಿಸುವುದು ಮನುಷ್ಯನ ಕೈ. ಸಿಎನ್‌ಸಿ ಲೇತಿನಲ್ಲಿ ಅಂಕಿಗಳ ಆಜ್ಞೆಯಂತೆ ಮೋಟಾರು ಸರಿಸುತ್ತದೆ. ‘ಜಿ ಸೊನ್ನೆ ಒಂದು’ ಎಂದರೆ ನೇರ ರೇಖೆಯಲ್ಲಿ ಕಡೆ, ‘ಎಂ ಮೂವತ್ತು’ ಎಂದರೆ ಕೆಲಸ ಮುಗಿಯಿತು, ಮೊದಲಿಗೆ ಮರಳು. ಸೂತ್ರರೂಪದ ಭಾಷೆ, ವ್ಯಾಕರಣ ಓದಿದವನಿಗೆ ಅಪರಿಚಿತವೆನಿಸದು.

ಆ ಷೆಡ್ಡಿನಲ್ಲಿದ್ದುದು ಎರಡು ಹಳೆಯ ಲೇತ್‌ಗಳು, ಮೂವರು ಕೆಲಸಗಾರರು. ಗಿರಾಕಿಗಳು ಸಿಎನ್‌ಸಿ ಇಲ್ಲದವರಿಗೆ ಕೆಲಸ ಕೊಡಲು ಹಿಂಜರಿಯತೊಡಗಿದ್ದರು. ಮೇಜಿನ ಮೇಲೆ ಮೂರು ದರಪಟ್ಟಿಗಳಿದ್ದವು. ಸಾಲಕ್ಕೆ ಆಧಾರವಾಗಿ ಇಡಬೇಕಾಗಿದ್ದುದು ಆತನ ತಂದೆ ಕಟ್ಟಿಸಿದ ಮನೆಯ ಪತ್ರ. ಹೀಗಿರುವಾಗ ‘ಯಾವ ಯಂತ್ರ ಅಗ್ಗ?’ ಎಂಬುದು ಬರಿಯ ವ್ಯಾಪಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

“ನಿನ್ನ ಗಿರಾಕಿಗಳು ಒಂದು ಸಲಕ್ಕೆ ಎಷ್ಟು ಕೇಳುತ್ತಾರಪ್ಪ?” ಎಂದೆ.

“ಇಪ್ಪತ್ತು, ಮೂವತ್ತು ಸರ್. ಕೆಲವು ಸಲ ಐದೇ.”

ಈ ಉತ್ತರದಲ್ಲಿಯೇ ಆಯ್ಕೆಯ ಬೀಗದಕೈ ಇದೆ. ಒಂದು ಲೆಕ್ಕವನ್ನು ಗಮನಿಸಿ. ಹಳೆಯ ಲೇತಿನಲ್ಲಿ ಒಂದು ಬಿಡಿಭಾಗಕ್ಕೆ 12 ನಿಮಿಷ, ಸಿಎನ್‌ಸಿಯಲ್ಲಿ 3 ನಿಮಿಷ ಎಂದು ಇಟ್ಟುಕೊಳ್ಳೋಣ. ಆದರೆ ಸಿಎನ್‌ಸಿಯನ್ನು ಆ ಕೆಲಸಕ್ಕೆ ಅಣಿಮಾಡಲು, ಎಂದರೆ ಪ್ರೋಗ್ರಾಮ್ ಬರೆದು, ಟೂಲ್‌ಗಳನ್ನು ಕೂರಿಸಿ, ಅಳತೆ ಹೊಂದಿಸಲು 90 ನಿಮಿಷ ಬೇಕು. ಹಳೆಯ ಲೇತಿನ ಅಣಿಯನ್ನು ಲೆಕ್ಕಕ್ಕೆ ಹಿಡಿಯದೆ ನೋಡಿದರೆ 40 ಬಿಡಿಭಾಗಗಳಿಗೆ ಅಲ್ಲಿ 8 ಗಂಟೆ, ಇಲ್ಲಿ ಮೂರೂವರೆ ಗಂಟೆ. ಐದೇ ಆದರೆ ಅಲ್ಲಿ 60 ನಿಮಿಷ, ಇಲ್ಲಿ 105! ಎರಡೂ ಸಮನಾಗುವುದು ಹತ್ತನೆಯ ಬಿಡಿಭಾಗದಲ್ಲಿ. ಅಣಿಮಾಡುವ ಕಾಲವನ್ನು 45 ನಿಮಿಷಕ್ಕೆ ಇಳಿಸಿದರೆ ಐದರಲ್ಲಿಯೇ ಸಮನಾಗುತ್ತದೆ. ಲಕ್ಷಗಟ್ಟಲೆ ಒಂದೇ ವಸ್ತುವನ್ನು ಮಾಡುವವನು ಕಡೆಯುವ ವೇಗವನ್ನು ಕೊಳ್ಳಬೇಕು. ಹತ್ತಿಪ್ಪತ್ತು ಮಾಡುವವನು ಕೊಳ್ಳಬೇಕಾದುದು ಒಂದು ಕೆಲಸದಿಂದ ಇನ್ನೊಂದಕ್ಕೆ ಬೇಗ ಹೊರಳುವ ಅನುಕೂಲವನ್ನು. ನನ್ನ ಮಾತಿನ ತಿರುಳು ಇದೇ.

ಇನ್ನು ಯಂತ್ರಗಳ ವಿಚಾರ. ಕೆಲವು ಯಂತ್ರಗಳ ಹಾಸು ಚಪ್ಪಟೆ, ಕೆಲವುಗಳದು ಇಳಿಜಾರು. ಇಳಿಜಾರಿನಲ್ಲಿ ಬಿಸಿಯಾದ ಲೋಹದ ಸಿಪ್ಪೆ ತಾನಾಗಿ ಕೆಳಗೆ ಜಾರುತ್ತದೆ; ಚಪ್ಪಟೆಯಲ್ಲಿ ಕೂಡಿಕೊಳ್ಳುತ್ತದೆ, ಆಗಾಗ ತೆಗೆಯಬೇಕು. ಟೂಲ್‌ಗಳನ್ನು ಸಾಲಾಗಿ ಜೋಡಿಸುವ ‘ಗ್ಯಾಂಗ್ ಟೂಲ್’ ಯಂತ್ರದ ಬೆಲೆ ಸಾಮಾನ್ಯವಾಗಿ ಕಡಿಮೆ, ಟೂಲ್ ಬದಲಾಗುವುದೂ ಬೇಗ. ಸಣ್ಣ ವ್ಯಾಸದ ಪಿನ್ನು, ಬುಷ್ಷುಗಳಿಗೆ ಅದು ಸಾಕು. ಉದ್ದನೆಯ ಅಥವಾ ದೊಡ್ಡ ವ್ಯಾಸದ ವಸ್ತುವಾದರೆ ಟೂಲ್‌ಗಳು ಒಂದಕ್ಕೊಂದು ಅಡ್ಡಬರುತ್ತವೆ. ಆಗ ಎಂಟು ಟೂಲ್ ಹಿಡಿಯುವ ತಿರುಗುವ ಟರೆಟ್ ಬೇಕಾಗುತ್ತದೆ. ಭಾರವಾದ ಕಡೆತಕ್ಕೆ ಅಗಲವಾದ ‘ಬಾಕ್ಸ್ ವೇ’ ಒಳ್ಳೆಯದು. ಹಗುರವಾದ, ಚುರುಕಾದ ಕೆಲಸಕ್ಕೆ ‘ಲೀನಿಯರ್ ಗೈಡ್ ವೇ’ ಸಾಲುತ್ತದೆ. ದೊಡ್ಡ ಚಕ್ ನೋಡಿ ಮರುಳಾಗುವುದಕ್ಕಿಂತ ಸ್ಪಿಂಡಲ್ಲಿನ ಒಳರಂಧ್ರದಲ್ಲಿ ತಾನು ಬಳಸುವ ಸರಳು ಹಾಯುತ್ತದೆಯೆ ಎಂದು ಕೇಳುವುದು ಜಾಣತನ. ಕಳೆದ ಒಂದು ವರ್ಷದ ಬಿಲ್ಲುಗಳನ್ನು ಹರಡಿಕೊಂಡು ಯಾವ ಲೋಹ, ಎಷ್ಟು ದಪ್ಪ, ಎಷ್ಟು ಉದ್ದ, ಎಷ್ಟು ಸಂಖ್ಯೆ ಎಂದು ಪಟ್ಟಿ ಮಾಡಿದರೆ ಈ ಪ್ರಶ್ನೆಗಳ ಮುಕ್ಕಾಲು ಭಾಗಕ್ಕೆ ಉತ್ತರ ದೊರೆಯುತ್ತದೆ.

ದರಪಟ್ಟಿಯ ಮೊದಲ ಸಾಲನ್ನಷ್ಟೇ ಓದಬಾರದು. ತೆರಿಗೆ, ಸಾಗಣೆ, ಸ್ಟೆಬಿಲೈಸರ್, ಟೂಲ್ ಹೋಲ್ಡರುಗಳು, ಚಕ್ಕಿನ ದವಡೆಗಳು ಇವೆಲ್ಲ ಕೆಳಗಿನ ಸಾಲುಗಳಲ್ಲಿ ಅಡಗಿರುತ್ತವೆ. 15 ಲಕ್ಷ ರೂಪಾಯಿ ಸಾಲ, ಶೇಕಡಾ 11ರ ಬಡ್ಡಿ, 5 ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 32,600 ರೂಪಾಯಿ. ಯಂತ್ರ ತಿಂಗಳಿಗೆ 200 ಗಂಟೆ ದುಡಿದರೆ ಗಂಟೆಗೆ 163 ರೂಪಾಯಿ ಕಂತಿಗೇ ಹೋಯಿತು. 80 ಗಂಟೆ ದುಡಿದರೆ ಸುಮಾರು 408. ವಿದ್ಯುತ್ತು, ಸಂಬಳ, ಟೂಲ್ ಇವೆಲ್ಲ ಆಮೇಲೆ. ಅಷ್ಟು ಗಂಟೆಯ ಕೆಲಸ ಕಾಣದಿದ್ದರೆ, ಪಕ್ಕದ ಷೆಡ್ಡಿನ ಸಿಎನ್‌ಸಿಗೆ ಜಾಬ್ ವರ್ಕ್ ಕೊಟ್ಟು ಇನ್ನೊಂದು ವರ್ಷ ಕಾಯುವುದರಲ್ಲಿ ಅವಮಾನವೇನೂ ಇಲ್ಲ.

ಹಳೆಯ ಯಂತ್ರವನ್ನು ಕೊಳ್ಳುವವರು ಬಣ್ಣಕ್ಕೆ ಮೋಸಹೋಗಬಾರದು. ಸ್ಪಿಂಡಲ್ ನೇರವಾಗಿ ತಿರುಗುತ್ತದೆಯೆ, ಬಾಲ್ ಸ್ಕ್ರೂ ಸವೆದು ಹಿಂದೆಮುಂದೆ ಸಡಿಲವಾಗಿದೆಯೆ ಎಂಬುದನ್ನು ಡಯಲ್ ಗೇಜ್ ಇಟ್ಟು ನೋಡಬೇಕು. ಅದರ ಕಂಟ್ರೋಲಿಗೆ ಬಿಡಿಭಾಗ ಇಂದಿಗೂ ಸಿಗುತ್ತದೆಯೆ ಎಂದು ವಿಚಾರಿಸಬೇಕು. ಹೊಸದಾಗಲಿ ಹಳೆಯದಾಗಲಿ, ತನ್ನದೇ ನಕ್ಷೆಯನ್ನೂ ತನ್ನದೇ ಸರಳನ್ನೂ ಕೊಂಡೊಯ್ದು ಇಪ್ಪತ್ತು ಬಿಡಿಭಾಗಗಳನ್ನು ಮಾಡಿಸಿ, ಮೊದಲನೆಯದನ್ನೂ ಇಪ್ಪತ್ತನೆಯದನ್ನೂ ಅಳೆಯಬೇಕು. 100 ಮಿಲಿಮೀಟರ್ ಉದ್ದದ ಉಕ್ಕು 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 11 ರಿಂದ 12 ಮೈಕ್ರಾನ್ ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಸತ್ಯ ಹೇಳಿದ ಯಂತ್ರ ಮಧ್ಯಾಹ್ನದ ತಗಡಿನ ಸೂರಿನಡಿಯಲ್ಲಿ ಬೇರೆ ಮಾತು ಹೇಳಬಹುದು.

ಈ ವಿಷಯದಲ್ಲಿ ನಮ್ಮ ಕಡೆಯವರು ಭಾಗ್ಯವಂತರು. 1962ರಲ್ಲಿ ಸ್ಥಾಪಿತವಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ತುಮಕೂರು ರಸ್ತೆಯಲ್ಲಿಯೇ ಇದೆ. ಏಸ್ ಡಿಸೈನರ್ಸ್‌ನಂಥ ಸಿಎನ್‌ಸಿ ಲೇತ್ ತಯಾರಕರು ಪೀಣ್ಯದಲ್ಲಿಯೇ ಇದ್ದಾರೆ. 2025ರ ಜನವರಿಯಲ್ಲಿ ಇಮ್ಟೆಕ್ಸ್ ಯಂತ್ರಪ್ರದರ್ಶನ ನಡೆದದ್ದು ಅದೇ ರಸ್ತೆಯ ಮಾದಾವರದ ಬಳಿ. ಯಂತ್ರ ಕೆಟ್ಟು ನಿಂತ ದಿನ ಅರ್ಧ ಗಂಟೆಯಲ್ಲಿ ಸ್ಕೂಟರಿನಲ್ಲಿ ಬರುವ ರಿಪೇರಿಯವನು, ಸಾವಿರಾರು ಮೈಲಿ ಆಚೆಯಿಂದ ತರಿಸಿದ ಅಗ್ಗದ ಯಂತ್ರದ ಉಳಿತಾಯಕ್ಕಿಂತ ಹೆಚ್ಚಿನವನು.

ಕೊನೆಗೆ ನನ್ನ ಪಾಲಿನ ಕೆಲಸ. ಆ ಷೆಡ್ಡಿನ ಹಿರಿಯ ಕೆಲಸಗಾರರು ಮೂವತ್ತು ವರ್ಷ ಕೈಯಿಂದ ಚಕ್ರ ತಿರುಗಿಸಿದವರು. “ಯಂತ್ರ ಬಂದರೆ ನಾನೇಕೆ ಬೇಕು, ಮೇಷ್ಟ್ರೇ?” ಎಂದು ಅವರು ಕೇಳಿದ್ದರು. ಈಗ ಅಲ್ಲಿ ಮಧ್ಯಮ ಗಾತ್ರದ, ಟರೆಟ್ ಇರುವ ಒಂದು ಸಿಎನ್‌ಸಿ ಇದೆ. ಹಳೆಯ ಲೇತ್‌ಗಳಲ್ಲಿ ಒಂದನ್ನು ಮಾರದೆ ಉಳಿಸಿಕೊಂಡಿದ್ದಾರೆ. ಐದಾರು ಬಿಡಿಭಾಗಗಳ ಕೆಲಸ ಅದರ ಮೇಲೆ, ಅವರ ಕೈಯಲ್ಲಿ. ಸಿಎನ್‌ಸಿಯಲ್ಲಿ ಪ್ರತಿಯೊಂದು ಕೆಲಸ ಮುಗಿದಾಗಲೂ ಯಾವ ಟೂಲ್ ಎಲ್ಲಿ ಕೂರಿತು, ದವಡೆ ಎಷ್ಟು ಬಿಗಿ, ಎಲ್ಲಿ ಅಳತೆ ತಪ್ಪುತ್ತದೆ ಎಂಬುದನ್ನು ಅವರು ಹೇಳುತ್ತಾರೆ, ಹುಡುಗರು ಕನ್ನಡದಲ್ಲಿ ಒಂದು ಪುಟ ಬರೆದಿಡುತ್ತಾರೆ. ಅದೇ ಕೆಲಸ ಮತ್ತೆ ಬಂದಾಗ ಆ ಪುಟ ತೆರೆದರೆ ಅಣಿಮಾಡುವ ಕಾಲ ಅರ್ಧಕ್ಕೆ ಇಳಿಯುತ್ತದೆ. ಎರಡು ರೂಪಾಯಿಯ ಕಾಗದ ಇಷ್ಟು ದುಡಿಯಬಲ್ಲದೆಂಬುದು ಯಾವ ದರಪಟ್ಟಿಯಲ್ಲಿಯೂ ಬರೆದಿರುವುದಿಲ್ಲ.

ಆದುದರಿಂದ ಸಾಲದ ಕಾಗದಕ್ಕೆ ರುಜು ಹಾಕುವವರಿಗೆ ನನ್ನ ಅರಿಕೆ: ಮೊದಲು ನಿಮ್ಮ ಕೆಲಸವನ್ನು ಅಳೆಯಿರಿ, ಅನಂತರ ನಿಮ್ಮ ಕೆಲಸಗಾರರ ಮಾತನ್ನು ಕೇಳಿರಿ, ಯಂತ್ರದ ಬೆಲೆಯನ್ನು ಕೊನೆಯಲ್ಲಿ ಕೇಳಿರಿ.