ಕೊಂಡು ತಂದ ನ್ಯೂಟ್, ಬಚ್ಚಲ ನೀರು ಮತ್ತು ತುಂಗೆಯ ಕಪ್ಪೆಗಳು

(ಮಲೆನಾಡಿನ ಪರಿಸರಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಶೃಂಗೇರಿಯ ತುಂಗಾತೀರದಲ್ಲಿ ಕಪ್ಪೆಶಂಕರನ ಸನ್ನಿಧಿಯಿದೆ. ಸುಡುಬಿಸಿಲಿನಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಯೊಂದಕ್ಕೆ ಸರ್ಪವು ಹೆಡೆಯೆತ್ತಿ ನೆರಳು ನೀಡಿತೆಂದೂ, ಅದನ್ನು ಕಂಡ ಶಂಕರಾಚಾರ್ಯರು ಪೀಠಸ್ಥಾಪನೆಗೆ ಆ ನೆಲವನ್ನೇ ಆರಿಸಿಕೊಂಡರೆಂದೂ ಐತಿಹ್ಯ ಹೇಳುತ್ತದೆ. ಕಪ್ಪೆಯ ಕುಲವನ್ನು ಕಾಯುವ ಮಾತು ಈ ಸೀಮೆಗೆ ಹೊಸದಲ್ಲ. ಹೊಸದಾಗಿರುವುದು ಕಪ್ಪೆಗಳಿಗೆ ಎದುರಾಗಿರುವ ಅಪಾಯದ ಸ್ವರೂಪ. ಅದು ಕೊಡಲಿಯ ರೂಪದಲ್ಲಿ ಬರುವುದಿಲ್ಲ, ಅಣೆಕಟ್ಟಿನ ರೂಪದಲ್ಲಿಯೂ ಬರುವುದಿಲ್ಲ. ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಮಗುವಿನ ಕೈಯಲ್ಲಿ, ಅಕ್ಕರೆಯ ಸಾಕುಪ್ರಾಣಿಯಾಗಿ ಮನೆಯೊಳಗೆ ಬರಬಲ್ಲದು.

ಬಾಲವುಳ್ಳ ಉಭಯವಾಸಿಗಳಿಗೆ ಸಲಮಾಂಡರ್ ಎಂದೂ, ಅವುಗಳಲ್ಲಿ ಹೆಚ್ಚು ಕಾಲ ನೀರಿನಲ್ಲಿ ಕಳೆಯುವ ಒಂದು ಗುಂಪಿಗೆ ನ್ಯೂಟ್ ಎಂದೂ ಹೆಸರು. ನೋಡಲು ಹಲ್ಲಿಯಂತಿದ್ದರೂ ಇವು ಕಪ್ಪೆಯ ಬಂಧುಗಳು. ಪಶ್ಚಿಮಘಟ್ಟದಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ಉಭಯವಾಸಿಗಳಿದ್ದರೂ ಅವೆಲ್ಲವೂ ಕಪ್ಪೆಗಳು ಇಲ್ಲವೇ ಕಾಲಿಲ್ಲದ ಸಿಸಿಲಿಯನ್‌ಗಳು. ನ್ಯೂಟ್ ಒಂದೂ ಇಲ್ಲ. ಭಾರತದಲ್ಲಿ ಅದು ಸಹಜವಾಗಿ ಇರುವುದು ಡಾರ್ಜಿಲಿಂಗ್‌ನಿಂದ ಈಶಾನ್ಯದವರೆಗಿನ ಗುಡ್ಡಗಾಡಿನಲ್ಲಿ ಮಾತ್ರ. ಆ ಹಿಮಾಲಯದ ನ್ಯೂಟ್ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿದೆ. ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಆದ್ದರಿಂದ ಕೊಪ್ಪದಲ್ಲಾಗಲಿ, ಶೃಂಗೇರಿಯಲ್ಲಾಗಲಿ, ನರಸಿಂಹರಾಜಪುರದಲ್ಲಾಗಲಿ ಗಾಜಿನ ತೊಟ್ಟಿಯೊಂದರಲ್ಲಿ ನ್ಯೂಟ್ ಈಜುತ್ತಿದ್ದರೆ ಅದು ದೂರದಿಂದ ಬಂದದ್ದೆಂಬುದು ನಿಸ್ಸಂಶಯ. ಬರುವಾಗ ಅದು ತನ್ನ ಚರ್ಮದ ಮೇಲೆ ಏನನ್ನು ಹೊತ್ತು ತಂದಿದೆ ಎಂಬುದೇ ಪ್ರಶ್ನೆ.

1990ರ ದಶಕದಲ್ಲಿ ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಕಪ್ಪೆಗಳು ರಾಶಿರಾಶಿಯಾಗಿ ಸಾಯುತ್ತಿದ್ದವು. ಕಾಡು ಕಡಿದಿರಲಿಲ್ಲ, ಹಳ್ಳ ಬತ್ತಿರಲಿಲ್ಲ. 1998ರಲ್ಲಿ ಕಾರಣ ತಿಳಿಯಿತು. 1999ರಲ್ಲಿ ಅದಕ್ಕೆ ಬ್ಯಾಟ್ರಕೊಕೈಟ್ರಿಯಂ ಡೆಂಡ್ರೊಬಾಟಿಡಿಸ್ ಎಂಬ ಹೆಸರಾಯಿತು. ಸಾಮಾನ್ಯವಾಗಿ ಕೈಟ್ರಿಡ್ ಎನ್ನಲಾಗುವ ಇದು ನೀರಿನಲ್ಲಿ ಬದುಕುವ ಸೂಕ್ಷ್ಮ ಶಿಲೀಂಧ್ರ. 2019ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನದ ಪ್ರಕಾರ ಈ ರೋಗದಿಂದ ಕನಿಷ್ಠ 501 ಪ್ರಭೇದಗಳು ಕ್ಷೀಣಿಸಿವೆ. ಅವುಗಳಲ್ಲಿ 90 ಪ್ರಭೇದಗಳು ನಾಮಾವಶೇಷವಾಗಿವೆಯೆಂದು ಭಾವಿಸಲಾಗಿದೆ.

ಈ ರೋಗ ಹರಡುವ ಬಗೆಯನ್ನು ಅಡಿಕೆ ಬೆಳೆಗಾರರಿಗೆ ವಿವರಿಸುವುದು ಕಷ್ಟವಲ್ಲ. ಅಡಿಕೆಯ ಕೊಳೆರೋಗದ ಬೀಜಕಣಗಳು ಮಳೆನೀರಿನ ತೆಳುಪದರದಲ್ಲಿ ಈಜಿ ಕಾಯಿಯಿಂದ ಕಾಯಿಗೆ ತಲುಪುತ್ತವೆ. ಕೈಟ್ರಿಡ್‌ನ ಬೀಜಕಣವೂ ಬಾಲವೊಂದನ್ನು ಬಡಿಯುತ್ತ ನೀರಿನಲ್ಲಿ ಈಜುತ್ತದೆ. ಕಪ್ಪೆಯ ಚರ್ಮವನ್ನು ಹೊಕ್ಕು ಕೆಲವೇ ದಿನಗಳಲ್ಲಿ ಬೆಳೆದು, ಹೊಸ ಬೀಜಕಣಗಳನ್ನು ಮತ್ತೆ ನೀರಿಗೆ ಬಿಡುತ್ತದೆ. ಕಪ್ಪೆಯ ಚರ್ಮವೆಂದರೆ ಬರಿಯ ಹೊದಿಕೆಯಲ್ಲ. ಅದು ನೀರು ಕುಡಿಯುವುದೂ, ಬಹುಮಟ್ಟಿಗೆ ಉಸಿರಾಡುವುದೂ ಚರ್ಮದ ಮೂಲಕವೇ. ಚರ್ಮ ಕೆಟ್ಟಾಗ ರಕ್ತದ ಲವಣಗಳ ಸಮತೋಲ ತಪ್ಪಿ ಹೃದಯ ನಿಲ್ಲುತ್ತದೆ. ಗೊದಮೊಟ್ಟೆಗಳಲ್ಲಿ ಶಿಲೀಂಧ್ರವು ಬಾಯಿಯ ಭಾಗದಲ್ಲಿ ಮಾತ್ರ ನೆಲೆಸುವುದರಿಂದ ಅವು ಸಾಯದೆ ರೋಗವನ್ನು ಉಳಿಸಿಕೊಳ್ಳುತ್ತವೆ.

ಆದರೆ ಹೋಲಿಕೆ ಇಲ್ಲಿಗೇ ಮುಗಿಯುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರ ಅಧ್ಯಯನದಿಂದ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ದೊರೆಯಿತು. ಕಾಡಿನ ಹಳ್ಳದಲ್ಲಿರುವ ಕಪ್ಪೆಗಳಿಗೆ ಔಷಧಿ ಹೊಡೆಯುವವರಾರು? ಅಲ್ಲಿಗೆ ರೋಗ ತಲುಪಿದರೆ ಅದು ಹಳದಿ ಎಲೆ ರೋಗದಂತೆ. ಬಂದದ್ದು ಹೋಗುವುದಿಲ್ಲವೆಂದರೇನು ಎಂಬುದನ್ನು ಶೃಂಗೇರಿ ಮತ್ತು ಕೊಪ್ಪದ ತೋಟಗಳು ಬಲ್ಲವು.

ನ್ಯೂಟ್‌ಗಳಿಗೆ ಸಂಬಂಧಿಸಿದಂತೆ ಇನ್ನೊಂದು ಅಧ್ಯಾಯವಿದೆ. 2010ರ ನಂತರ ನೆದರ್‌ಲ್ಯಾಂಡ್ಸ್ ದೇಶದ ಕಾಡೊಂದರಲ್ಲಿ ಬೆಂಕಿಬಣ್ಣದ ಸಲಮಾಂಡರ್‌ಗಳು ಮೂರು ನಾಲ್ಕು ವರ್ಷಗಳಲ್ಲಿ ಶೇಕಡಾ 90ಕ್ಕೂ ಮಿಕ್ಕಿ ನಾಶವಾದವು. 2013ರಲ್ಲಿ ಅಲ್ಲಿ ಎರಡನೆಯ ಕೈಟ್ರಿಡ್ ಪತ್ತೆಯಾಯಿತು. ಅದಕ್ಕಿಟ್ಟ ಹೆಸರಾದ ಸಲಮಾಂಡ್ರಿವೊರನ್ಸ್ ಎಂದರೆ ಸಲಮಾಂಡರನ್ನು ತಿನ್ನುವುದು ಎಂದೇ ಅರ್ಥ. ಅದು ಏಷ್ಯಾ ಮೂಲದ್ದೆಂದೂ, ಸಾಕುಪ್ರಾಣಿಗಳ ವ್ಯಾಪಾರದ ಮೂಲಕ ಯುರೋಪಿಗೆ ಬಂದಿರಬೇಕೆಂದೂ 2014ರ ಸಂಶೋಧನೆ ತೋರಿಸಿತು. ತವರಿನ ನ್ಯೂಟ್‌ಗಳು ಬಹುಕಾಲದಿಂದ ಒಗ್ಗಿಕೊಂಡಿದ್ದ ರೋಗ ಪರದೇಶದ ಪ್ರಾಣಿಗಳಿಗೆ ಮಾರಿಯಾಯಿತು. 2016ರಲ್ಲಿ ಅಮೆರಿಕ 20 ಕುಲಗಳ ಸಲಮಾಂಡರ್‌ಗಳ ಆಮದನ್ನು ನಿರ್ಬಂಧಿಸಿತು. 2018ರಲ್ಲಿ ಯುರೋಪಿನ ಒಕ್ಕೂಟ ಪ್ರತ್ಯೇಕವಾಸವನ್ನೂ ಪರೀಕ್ಷೆಯನ್ನೂ ಕಡ್ಡಾಯಗೊಳಿಸಿತು.

ಪಶ್ಚಿಮಘಟ್ಟದ ಸ್ಥಿತಿಯೇನು? ಮೊದಲನೆಯ ಕೈಟ್ರಿಡ್ ಇಲ್ಲಿನ ಕಪ್ಪೆಗಳಲ್ಲಿರುವುದು 2011ರಲ್ಲಿ ಕೇರಳದಿಂದ ವರದಿಯಾಯಿತು. 2013ರಲ್ಲಿ ಘಟ್ಟದ ಉತ್ತರಭಾಗದ ಕಪ್ಪೆಗಳಲ್ಲಿ ಏಷ್ಯಾಕ್ಕೇ ಸೀಮಿತವಾದ ತಳಿಯೊಂದು ಕಂಡುಬಂದಿತು. ಮಧ್ಯ ಅಮೆರಿಕದಂತಹ ಸಾಮೂಹಿಕ ಸಾವು ಇಲ್ಲಿ ವರದಿಯಾಗಿಲ್ಲ. ಇದು ನೆಮ್ಮದಿಯ ಸಂಗತಿ, ಆದರೆ ನಿಶ್ಚಿಂತೆಗೆ ಕಾರಣವಲ್ಲ. ಲೋಕವನ್ನೆಲ್ಲ ಸುತ್ತಿದ ಉಗ್ರ ತಳಿಯೇ ಬೇರೆ. ವ್ಯಾಪಾರದ ಪ್ರಾಣಿಗಳಲ್ಲಿ ಬೇರೆ ಬೇರೆ ತಳಿಗಳು ಸಂಚರಿಸುತ್ತಿವೆಯೆಂದು 2018ರ ಅಧ್ಯಯನ ಎಚ್ಚರಿಸಿದೆ. ಈ ಶಿಲೀಂಧ್ರಕ್ಕೆ ಹಿತವಾದ ಉಷ್ಣತೆ 17ರಿಂದ 25 ಡಿಗ್ರಿ ಸೆಲ್ಸಿಯಸ್. ಮಳೆಗಾಲದ ಮಲೆನಾಡು ಆ ಮಿತಿಯಿಂದ ದೂರವಿಲ್ಲ.

ಇನ್ನು ಮನೆಯ ಮಾತು. ಅಂಗಡಿಯಿಂದ ನಾಲ್ಕು ನ್ಯೂಟ್‌ಗಳು ಬಂದಿವೆ; ವಾರದಲ್ಲಿ ಒಂದು ಮೇವು ಬಿಟ್ಟಿದೆ. ಚರ್ಮ ಪದೇ ಪದೇ ಸುಲಿಯುತ್ತಿದೆ, ಅಲ್ಲಲ್ಲಿ ಹುಣ್ಣಿದೆ, ನೀರು ಬಿಟ್ಟು ಮೇಲೆ ಹತ್ತಿ ಮಂಕಾಗಿ ಕೂತಿದೆ ಎಂದು ಭಾವಿಸೋಣ. ಇವು ಕೈಟ್ರಿಡ್‌ನ ಲಕ್ಷಣಗಳಾಗಿರಬಹುದು. ಬೇರೆ ರೋಗದವೂ ಆಗಿರಬಹುದು. ಕಣ್ಣಂದಾಜಿನಿಂದ ನಿರ್ಣಯಿಸುವಂತಿಲ್ಲ. ಚರ್ಮವನ್ನು ಹತ್ತಿಯಿಂದ ಸವರಿ ತೆಗೆದ ಮಾದರಿಯ ಪ್ರಯೋಗಾಲಯ ಪರೀಕ್ಷೆಯೇ ಪ್ರಮಾಣ. ಪಶುವೈದ್ಯರ ಮೂಲಕ ಅದಕ್ಕೆ ಪ್ರಯತ್ನಿಸಬೇಕು.

ಅಷ್ಟರಲ್ಲಿ ಮಾಡಬೇಕಾದುದು ಹೀಗೆ. ರೋಗಿಯನ್ನು ಪ್ರತ್ಯೇಕಿಸಬೇಕು. ಉಳಿದ ಮೂರು ಚೆನ್ನಾಗಿ ಕಂಡರೂ ಅವುಗಳನ್ನು ಸೋಂಕಿಗೆ ಒಳಗಾದವೆಂದೇ ಎಣಿಸಿ ಒಂದೊಂದನ್ನೂ ಬೇರೆ ಬೇರೆ ಡಬ್ಬಿಯಲ್ಲಿರಿಸಬೇಕು. ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಒದ್ದೆಯಾದ ಶುಭ್ರ ಕಾಗದ ಅಥವಾ ಕ್ಲೋರಿನ್ ಇಲ್ಲದ ತೆಳುನೀರು, ಅಡಗಲು ಒಂದು ಮರೆ ಇಷ್ಟು ಸಾಕು. ಮಣ್ಣು, ಪಾಚಿ, ಕಲ್ಲು ಬೇಡ, ಅವುಗಳನ್ನು ಶುದ್ಧಗೊಳಿಸಲಾಗದು. ಡಬ್ಬಿ ತಂಪಾದ, ನೆರಳಿನ ಜಾಗದಲ್ಲಿರಬೇಕು. ನೀರು ಅಥವಾ ಕಾಗದವನ್ನು ದಿನವೂ ಬದಲಿಸಬೇಕು. ಮೊದಲು ಆರೋಗ್ಯವಾಗಿ ಕಾಣುವುದನ್ನು, ಕಡೆಗೆ ರೋಗಿಯನ್ನು ನೋಡಿಕೊಳ್ಳಬೇಕು. ಪ್ರತಿಯೊಂದಕ್ಕೂ ಹೊಸ ಕೈಗವಸು, ಬೇರೆಯೇ ಚಿಮಟ. ಕೊನೆಯ ಲಕ್ಷಣ ಕಂಡ ದಿನದಿಂದ ಕನಿಷ್ಠ ಆರು ವಾರ ಈ ಪ್ರತ್ಯೇಕವಾಸ ನಡೆಯಬೇಕು. ರೋಗವಿಲ್ಲದೆ ಹೊಸದಾಗಿ ಕೊಂಡು ತಂದ ಪ್ರಾಣಿಗೂ ಇದೇ ಕ್ರಮ ಉಚಿತ. ಕೈಟ್ರಿಡ್ ಮನುಷ್ಯರಿಗೆ ತಗಲುವುದಿಲ್ಲ. ಆದರೂ ನ್ಯೂಟ್‌ಗಳ ಚರ್ಮದಲ್ಲಿ ವಿಷದ ಅಂಶವಿರುವುದರಿಂದ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಲೇಬೇಕು.

ಚಿಕಿತ್ಸೆಯೂ ಇದೆ. ಮೊದಲನೆಯ ಕೈಟ್ರಿಡ್‌ಗೆ ಇಟ್ರಾಕೊನಜೋಲ್ ಎಂಬ ಶಿಲೀಂಧ್ರನಾಶಕದ ಅತಿ ತೆಳು ದ್ರಾವಣದಲ್ಲಿ ದಿನಕ್ಕೆ ಕೆಲವು ನಿಮಿಷ ಅದ್ದುವ ಪದ್ಧತಿ ಬಳಕೆಯಲ್ಲಿದೆ. ಎರಡನೆಯದಕ್ಕೆ ಬೆಂಕಿಬಣ್ಣದ ಸಲಮಾಂಡರ್‌ಗಳನ್ನು 25 ಡಿಗ್ರಿಯಲ್ಲಿ 10 ದಿನ ಇರಿಸಿದಾಗ ಸೋಂಕು ನಾಶವಾದುದು 2015ರಲ್ಲಿ ಪ್ರಕಟವಾಗಿದೆ. ಆದರೆ ತಂಪುನೀರಿನ ಎಲ್ಲ ನ್ಯೂಟ್‌ಗಳೂ ಆ ಬಿಸಿಯನ್ನು ತಾಳಲಾರವು. ಔಷಧಿಯ ಪ್ರಮಾಣ ತಪ್ಪಿದರೆ ಅದೇ ಕೊಲ್ಲುತ್ತದೆ. ವೈದ್ಯರ ಸಲಹೆಯಿಲ್ಲದೆ ಇವುಗಳಿಗೆ ಕೈಹಾಕಬಾರದು.

ಇಲ್ಲಿಯವರೆಗಿನದು ನ್ಯೂಟ್‌ನ ಆರೈಕೆ. ಮಲೆನಾಡಿನ ಮನೆಯಲ್ಲಿ ಆರೈಕೆಯ ಇನ್ನೊಂದು ಅರ್ಧವಿದೆ: ದಿನವೂ ಬದಲಿಸಿದ ಆ ನೀರು ಎಲ್ಲಿಗೆ ಹೋಯಿತು?

ಈ ಮೂರು ತಾಲ್ಲೂಕುಗಳ ಒಂಟಿಮನೆಗಳಲ್ಲಿ ಬಚ್ಚಲ ನೀರು ತೋಟಕ್ಕೆ ಹರಿಯುತ್ತದೆ. ತೋಟದ ಬಸಿಗಾಲುವೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಶೃಂಗೇರಿ, ಹರಿಹರಪುರಗಳ ಕಡೆಯ ನೀರು ತುಂಗೆಗೆ. ಬಾಳೆಹೊನ್ನೂರು, ನರಸಿಂಹರಾಜಪುರಗಳ ಕಡೆಯದು ಭದ್ರೆಗೆ, ಅದರ ಹಿನ್ನೀರಿಗೆ. ನಡುವೆ ಎಲ್ಲಿಯೂ ಶುದ್ಧೀಕರಣ ಘಟಕವಿಲ್ಲ, ಇರುವುದು ಕಪ್ಪೆಗಳು. ಕೈಟ್ರಿಡ್‌ನ ಬೀಜಕಣ ಕೆರೆಯ ನೀರಿನಲ್ಲಿ ಏಳು ವಾರಗಳವರೆಗೂ ಜೀವಂತವಾಗಿರಬಲ್ಲದೆಂದು ಪ್ರಯೋಗಗಳು ತಿಳಿಸಿವೆ. ಒಂದು ಚೊಂಬು ನೀರು ಚೆಲ್ಲಿದರೆ ಅದು ಹಳ್ಳ ಸೇರಲು ಅಷ್ಟು ಕಾಲ ಬೇಕಿಲ್ಲ.

ಪರಿಹಾರ ಪ್ರತಿ ಮನೆಯ ಒಲೆಯಲ್ಲಿಯೇ ಇದೆ. ಈ ಶಿಲೀಂಧ್ರ 60 ಡಿಗ್ರಿ ಬಿಸಿಯಲ್ಲಿ ಐದು ನಿಮಿಷ ಬದುಕದು. ತೊಟ್ಟಿಯ ನೀರನ್ನು ಹಂಡೆಯಲ್ಲಿ ಕುದಿಸಿ, ಆರಿದ ಮೇಲೆ ಹಳ್ಳದಿಂದ ದೂರದ ಇಂಗುಗುಂಡಿಗೆ ಸುರಿಯಬೇಕು. ಡಬ್ಬಿ, ಬಲೆಗಳನ್ನು ಕುದಿನೀರಿನಲ್ಲಿ ಅದ್ದಿ ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಒಣಗುವಿಕೆ ಇದರ ಪರಮಶತ್ರು. ಜಡಿಮಳೆಯ ಆಷಾಢದಲ್ಲಿ ಬಿಸಿಲಿಲ್ಲವಾದರೆ ಒಲೆಯ ಮೇಲಿನ ಅಟ್ಟವಿದೆ. ಬ್ಲೀಚಿಂಗ್ ದ್ರಾವಣವೂ ಕೊಲ್ಲುತ್ತದೆ; ಆದರೆ ಅದು ಹಳ್ಳ ಸೇರಿದರೆ ಮೀನು, ಕಪ್ಪೆಗಳನ್ನೂ ಕೊಲ್ಲುತ್ತದೆ. ಬಳಸಿದ ಕಾಗದ, ಕೈಗವಸುಗಳನ್ನು ಚೀಲದಲ್ಲಿ ಕಟ್ಟಿ ಬೇರೆಯಾಗಿಯೇ ವಿಲೇವಾರಿ ಮಾಡಬೇಕು. ಸತ್ತ ನ್ಯೂಟನ್ನು ತೋಟದ ಅಂಚಿಗೆ ಎಸೆಯಬಾರದು. ಪರೀಕ್ಷೆಗಾಗಿ ಸ್ಪಿರಿಟ್ಟಿನಲ್ಲಿರಿಸಬೇಕು, ಇಲ್ಲವೇ ಸುಡಬೇಕು. ತೊಟ್ಟಿಯ ಬಕೆಟ್ಟು ಅಬ್ಬಿಯ ನೀರಿಗೆ ಹೋಗಬಾರದು. ಹಳ್ಳದ ಪಾಚಿ ತೊಟ್ಟಿಗೆ ಬರಬಾರದು.

ಎಲ್ಲಕ್ಕಿಂತ ದೊಡ್ಡ ಅಪಾಯ ನಿರ್ದಯೆಯಿಂದಲ್ಲ, ದಯೆಯಿಂದ ಬರುತ್ತದೆ. ಸಾಕಲಾಗದಾಗ, ಸೊರಗಿದಾಗ "ಪಾಪ, ಹೊಳೆಗೆ ಬಿಟ್ಟರೆ ಬದುಕಿಕೊಂಡೀತು" ಎನಿಸುವುದು ಸಹಜ. ಹೊಳೆಗೆ ಬಿಟ್ಟ ಪರದೇಶಿ ನ್ಯೂಟ್ ಬದುಕುವುದು ಅನುಮಾನ. ಅದು ಹೊತ್ತ ರೋಗ ಬದುಕುವುದು ಅನುಮಾನವಲ್ಲ. ಸಾಕಲಾಗದವರು ಅದನ್ನು ತಿಳಿದವರ ಕೈಗೆ ಒಪ್ಪಿಸಬೇಕು. ಉಳಿಯದೆಂಬ ಸ್ಥಿತಿಯಲ್ಲಿ ನೋವಿಲ್ಲದ ಮರಣಕ್ಕೆ ಪಶುವೈದ್ಯರ ಮೊರೆಹೋಗುವುದೇ ನಿಜವಾದ ಕರುಣೆ.

ಇನ್ನೂ ಕೊಳ್ಳದವರಿಗೆ ಒಂದು ಮಾತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು. ಮೆಕ್ಸಿಕೊದ ಆಕ್ಸೊಲಾಟಲ್ ಎಂಬ ಸಲಮಾಂಡರ್ ಆ ಪಟ್ಟಿಯಲ್ಲಿದೆ. ಎಲ್ಲಿಂದ ಬಂತೆಂದು ಹೇಳಲಾಗದ ಅಂಗಡಿಯಿಂದ ಕೊಳ್ಳದಿರುವುದೇ ಮೊದಲ ಚಿಕಿತ್ಸೆ. 1987ರಲ್ಲಿ ಕಪ್ಪೆಕಾಲಿನ ರಫ್ತನ್ನು ಭಾರತ ನಿಷೇಧಿಸಿದಾಗ ಕಪ್ಪೆ ಇಲ್ಲಿಂದ ಹೋಗುವುದು ನಿಂತಿತು. ಕಪ್ಪೆಯ ರೋಗ ಇಲ್ಲಿಗೆ ಬರುವುದನ್ನು ತಡೆಯುವ ಕಾವಲು ಬಹುಮಟ್ಟಿಗೆ ಮನೆಯ ಬಾಗಿಲಲ್ಲಿದೆ.

ಶರಾವತಿ ಸೀಮೆಯ ಕತ್ತಲೆಕಾನಿನ ಹಳ್ಳದಲ್ಲಿ ಗಂಡುಕಪ್ಪೆಯೊಂದು ಮುಂಗಾಲಿನಿಂದ ಮಣ್ಣು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. 2014ರಲ್ಲಿ ವಿಜ್ಞಾನಿಗಳು ಅದಕ್ಕೆ ಕುಂಬಾರ ಕಪ್ಪೆಯೆಂದೇ ಹೆಸರಿಟ್ಟರು. ತಲೆಮಾರುಗಳಿಂದ ಹಳ್ಳದಲ್ಲಿದ್ದ ಜೀವಿಗೆ ಹೆಸರು ಬಂದದ್ದು ಇತ್ತೀಚೆಗೆ. ಇಂತಹ ಎಷ್ಟು ಜೀವಿಗಳು ತುಂಗಾಭದ್ರೆಯರ ಕಣಿವೆಯಲ್ಲಿ ಹೆಸರಿಲ್ಲದೆ ಕೂಗುತ್ತಿವೆಯೋ! ಹೆಸರಿಡುವ ಮೊದಲೇ ಅವು ಮೌನವಾಗಬಾರದು. ಅದಕ್ಕಾಗಿ ಈ ಮಳೆಗಾಲದಲ್ಲಿ ಬೇಕಾದುದು ಇಷ್ಟೇ: ಮನೆಯಲ್ಲಿ ತೊಟ್ಟಿಯಿರುವವರು ಅದರ ನೀರನ್ನು ಕುದಿಸಿ ಚೆಲ್ಲಲಿ, ಹಳ್ಳದ ಬದಿ ನಡೆಯುವವರು ಕಪ್ಪೆಗಳು ಗುಂಪಾಗಿ ಸತ್ತಿರುವುದು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಲಿ.