ಜಾನುವಾರು ಆರೋಗ್ಯ: ಸಂಶೋಧನೆಗೆ ಶಿಸ್ತು ತಂದ ಪಶುವೈದ್ಯೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕರೆಯುವ ಹಸುವೊಂದು ಸತ್ತರೆ ಸಣ್ಣ ಹಿಡುವಳಿದಾರನ ಸಂಸಾರದ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲಿ ಹರಡಿದಾಗ ತಾವು ಇದನ್ನು ಕಂಡಿದ್ದೀರಿ. ಅಂತಹ ಹೊತ್ತಿನಲ್ಲಿ ಊರಿಗೆ ಹತ್ತು ಮದ್ದುಗಳ ಮಾತು ಕೇಳಿಬರುತ್ತದೆ. ಯಾವುದನ್ನು ನಂಬಬೇಕು? ಈ ಪ್ರಶ್ನೆಗೆ ತಮ್ಮ ವೃತ್ತಿಜೀವನದ ಬಹುಭಾಗವನ್ನು ಮುಡಿಪಿಟ್ಟ ಕೆನಡಾದ ಡಾ. ಜ್ಯಾನ್ ಸಾರ್ಜೆಂಟ್ ಅವರ ಕಾರ್ಯವನ್ನು ಇಂದು ಪರಿಚಯಿಸಬಯಸುತ್ತೇನೆ.

ಆಂಟೇರಿಯೊ ಪ್ರಾಂತ್ಯದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯ ಶಿಕ್ಷಣ ಪಡೆದ ಅವರು, ರೋಗಗಳ ಹರಡುವಿಕೆಯನ್ನು ಅಂಕಿಅಂಶಗಳಿಂದ ಅರಿಯುವ ಎಪಿಡೆಮಿಯಾಲಜಿ ಶಾಸ್ತ್ರದಲ್ಲಿ ಪರಿಣತರಾದರು. ಅಮೆರಿಕದ ಕ್ಯಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿಯೂ ಸೇವೆ ಸಲ್ಲಿಸಿ ಗ್ವೆಲ್ಫ್‌ಗೆ ಮರಳಿದರು.

ಜಾನುವಾರುಗಳ ಮೇಲೆ ನಡೆದ ಪ್ರಯೋಗಗಳ ವರದಿಗಳನ್ನು ಅವರೂ ಸಹೋದ್ಯೋಗಿಗಳೂ ಕೂಲಂಕಷವಾಗಿ ಪರಿಶೀಲಿಸಿದರು. ಯಾವ ಪ್ರಾಣಿಗೆ ಚಿಕಿತ್ಸೆ ನೀಡಬೇಕು, ಯಾವುದಕ್ಕೆ ನೀಡಬಾರದು ಎಂಬುದನ್ನು ಹೇಗೆ ನಿರ್ಧರಿಸಲಾಯಿತೆಂಬ ವಿವರ ಅನೇಕ ವರದಿಗಳಲ್ಲಿ ಇರಲಿಲ್ಲ. ನಡುವೆ ಕೈಬಿಟ್ಟುಹೋದ ಪ್ರಾಣಿಗಳ ಲೆಕ್ಕವೂ ಇರಲಿಲ್ಲ. ಗಮನಾರ್ಹ ಸಂಗತಿಯೆಂದರೆ, ಇಂತಹ ವಿವರ ನೀಡದ ವರದಿಗಳಲ್ಲಿಯೇ ಚಿಕಿತ್ಸೆ ಫಲಿಸಿತೆಂಬ ತೀರ್ಮಾನ ಹೆಚ್ಚಾಗಿ ಕಂಡುಬಂದಿತು. ಗಟ್ಟಿಮುಟ್ಟಾದ ರಾಸುಗಳನ್ನೇ ಆರಿಸಿ ಮದ್ದು ಕೊಟ್ಟರೆ ಯಾವ ಮದ್ದಾದರೂ ಫಲಿಸಿದಂತೆ ತೋರುವುದು ಸಹಜವಷ್ಟೆ.

ಇದನ್ನು ಸರಿಪಡಿಸಲು 2008ರಲ್ಲಿ ಚಿಕಾಗೊ ನಗರದಲ್ಲಿ ತಜ್ಞರ ಸಭೆ ಸೇರಿತು. ಅದರ ಫಲವಾಗಿ 2010ರಲ್ಲಿ 'ರಿಫ್ಲೆಕ್ಟ್' ಎಂಬ 22 ಅಂಶಗಳ ಪರಿಶೀಲನಾ ಪಟ್ಟಿ ಪ್ರಕಟವಾಯಿತು. ಮಾನವ ವೈದ್ಯಕೀಯದಲ್ಲಿ ಬಳಕೆಯಲ್ಲಿದ್ದ 'ಕನ್ಸಾರ್ಟ್' ಪಟ್ಟಿ ಇದಕ್ಕೆ ಆಧಾರ. ಆದರೆ ಜಾನುವಾರುಗಳು ಒಂದೇ ಕೊಟ್ಟಿಗೆಯಲ್ಲಿ ಗುಂಪಾಗಿ ಬಾಳುತ್ತವೆ. ಒಂದರ ರೋಗ ಮತ್ತೊಂದಕ್ಕೆ ತಗಲುತ್ತದೆ. ಆದುದರಿಂದ ಚಿಕಿತ್ಸೆಯನ್ನು ಪ್ರಾಣಿವಾರು ಹಂಚಲಾಯಿತೇ, ಗುಂಪುವಾರು ಹಂಚಲಾಯಿತೇ ಎಂಬುದನ್ನು ವರದಿ ಸ್ಪಷ್ಟಪಡಿಸಬೇಕಾಯಿತು. ಪ್ರಯೋಗ ನಡೆಸದೆ, ಇದ್ದುದನ್ನು ಇದ್ದಂತೆ ಅವಲೋಕಿಸುವ ಅಧ್ಯಯನಗಳಿಗಾಗಿ 2016ರಲ್ಲಿ 'ಸ್ಟ್ರೋಬ್-ವೆಟ್' ಬಂದಿತು. ಈ ಎರಡೂ ಕಾರ್ಯಗಳಲ್ಲಿ ಡಾ. ಆನೆಟ್ ಓಕಾನರ್ ಅವರ ಸಹಭಾಗಿತ್ವವಿತ್ತು.

ಎಂಜಿನಿಯರಿಂಗ್ ಓದಿದ ನನಗೆ ಇದು ಪರಿಚಿತ ಶಿಸ್ತು. ಕಾಂಕ್ರೀಟ್ ಘನಗಳನ್ನು 28 ದಿನ ಕಳೆದ ಮೇಲೆ ಪರೀಕ್ಷಿಸಿ, ಬಂದ ಫಲವನ್ನು ದಾಖಲಿಸುತ್ತೇವೆ. ಚೆನ್ನಾಗಿರುವ ಘನವನ್ನಷ್ಟೇ ಆರಿಸಿ ಪರೀಕ್ಷಿಸಿದರೆ ಸೇತುವೆಯ ಬಲ ಹೆಚ್ಚುವುದಿಲ್ಲ.

ನಮ್ಮ ಊರುಗಳಿಗೆ ಬರೋಣ. "ಲಸಿಕೆ ಹಾಕಿಸಿದ ದನಗಳೂ ನಾಲ್ಕು ಕಾಯಿಲೆ ಬಿದ್ದವು, ಹಾಕಿಸದವೂ ನಾಲ್ಕೇ, ಮತ್ತೇಕೆ ಲಸಿಕೆ?" ಎಂದು ಗ್ರಾಮಸಭೆಯಲ್ಲಿ ಯಾರಾದರೂ ಕೇಳಿದರೆನ್ನಿ. ಲಸಿಕೆ ಪಡೆದವು 200, ಪಡೆಯದವು 20 ಎಂದಿಟ್ಟುಕೊಳ್ಳಿ. ಆಗ ಮೊದಲನೆಯ ಗುಂಪಿನಲ್ಲಿ ನೂರಕ್ಕೆ 2, ಎರಡನೆಯದರಲ್ಲಿ ನೂರಕ್ಕೆ 20! ಒಟ್ಟು ಸಂಖ್ಯೆ ತಿಳಿಯದೆ ಆಡಿದ ಮಾತು ಇಡೀ ಊರಿನ ಕೊಟ್ಟಿಗೆಗಳನ್ನು ಅಪಾಯಕ್ಕೆ ಒಡ್ಡಬಲ್ಲದು.

ಆದುದರಿಂದ ಸದಸ್ಯರಲ್ಲಿ ನನ್ನ ವಿನಂತಿಗಳು ಮೂರು:

1. ಕಾಲುಬಾಯಿ ರೋಗ ಮೊದಲಾದವುಗಳ ಲಸಿಕಾ ಅಭಿಯಾನದಲ್ಲಿ ತಮ್ಮ ವಾರ್ಡಿನ ಪ್ರತಿ ರಾಸಿನ ಕಿವಿಯೋಲೆಯ 12 ಅಂಕಿಗಳ ಸಂಖ್ಯೆ ಹಾಗೂ ಲಸಿಕೆಯ ದಿನಾಂಕ ದಾಖಲಾಗುವಂತೆ ನೋಡಿಕೊಳ್ಳಿರಿ.

2. ರೋಗ, ಸಾವು ಸಂಭವಿಸಿದರೆ ಮುಚ್ಚಿಡದೆ ಪಶುವೈದ್ಯಾಧಿಕಾರಿಗಳಿಗೆ ಕೂಡಲೇ ತಿಳಿಸಿರಿ. ಲಸಿಕೆ ಪಡೆದ ರಾಸು ಸತ್ತರೂ ಹಾಗೆಯೇ ತಿಳಿಸಿರಿ.

3. ಹೊಸ ಮದ್ದಿನ ಪ್ರಚಾರಕ್ಕೆ ಯಾರೇ ಬಂದರೂ ಎಷ್ಟು ರಾಸುಗಳಿಗೆ ಕೊಡಲಾಯಿತು, ಕೊಡದವು ಎಷ್ಟು, ಎರಡರಲ್ಲೂ ಗುಣವಾದವು ಎಷ್ಟು ಎಂದು ಕೇಳಿರಿ.

ಪಶುರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ 'ನಿವೇದಿ' ನಮ್ಮ ಬೆಂಗಳೂರಿನ ಯಲಹಂಕದಲ್ಲಿಯೇ ಇದೆ. ಅಂತಹ ಸಂಸ್ಥೆಗಳ ಲೆಕ್ಕಾಚಾರವೂ ಕೊನೆಗೆ ನಿಲ್ಲುವುದು ಹಳ್ಳಿಯಲ್ಲಿ ಬರೆದಿಟ್ಟ ಸತ್ಯವಾದ ಸಾಲುಗಳ ಮೇಲೆ. ಆ ಸಾಲುಗಳನ್ನು ಬರೆಸುವ ಹೊಣೆ ನಮ್ಮೆಲ್ಲರದು.