ಅರ್ಕಾವತಿ: ಬಯಲುಸೀಮೆಯ ಒಂದು ಚಿಕ್ಕ ನದಿ



ಮಹಾನದಿಗಳನ್ನು ಹಾಡಿದ ಕವಿಗಳು ಅನೇಕರು. ನಾನು ಹೇಳಹೊರಟಿರುವುದು ಒಂದು ಚಿಕ್ಕ ನದಿಯ ಕಥೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಬಯಲನ್ನು ಹಾಯ್ದು, ಕೆರೆಯಿಂದ ಕೆರೆಗೆ ಕೋಡಿಬಿದ್ದು ಹೆಸರಘಟ್ಟಕ್ಕೆ ಬರುತ್ತದೆ. ತಿಪ್ಪಗೊಂಡನಹಳ್ಳಿಯಲ್ಲಿ ಕುಮುದ್ವತಿಯನ್ನು ಕೂಡಿಕೊಂಡು, ಮಂಚನಬೆಲೆ, ರಾಮನಗರ, ಕನಕಪುರಗಳ ಮಾರ್ಗವಾಗಿ ಸಾಗಿ, ಸುಮಾರು 190 ಕಿಲೋಮೀಟರು ಹರಿದು, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ.

ಬೆಂಗಳೂರಿನ ಮೇಲೆ ಈ ಚಿಕ್ಕ ನದಿಯ ಋಣ ದೊಡ್ಡದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಹೆಸರಘಟ್ಟದ ನೀರು ನಗರಕ್ಕೆ ಬಂದಿತು. ಅದು ಸಾಲದಾದಾಗ, 1933ರಲ್ಲಿ, ತಿಪ್ಪಗೊಂಡನಹಳ್ಳಿಯ ಜಲಾಶಯ ಕೈಹಿಡಿಯಿತು. 1974ರಲ್ಲಿ ಕಾವೇರಿ ಬರುವವರೆಗೆ ನಗರದ ದಾಹವನ್ನು ಮುಖ್ಯವಾಗಿ ತಣಿಸಿದ್ದು ಅರ್ಕಾವತಿಯೇ.

ಇದಕ್ಕೆ ನಗರವಿತ್ತ ಪ್ರತಿಫಲವೇನು? ನಗರದೊಳಗೇ ಹುಟ್ಟುವ ವೃಷಭಾವತಿ ಊರಿನ ಕೊಳೆಯನ್ನೆಲ್ಲ ಹೊತ್ತು, ಬೈರಮಂಗಲದ ಕೆರೆಯನ್ನು ದಾಟಿ, ಅರ್ಕಾವತಿಗೆ ಸುರಿಯುತ್ತದೆ. ಇತ್ತ ಮೇಲುಪಾತ್ರದಲ್ಲಿ ಹರಿವೇ ಕ್ಷೀಣಿಸಿದೆ. ಮಳೆಯನ್ನು ದೂರುವುದು ಸುಲಭ. ಆದರೆ ಮಳೆಗಾಲ ಕಳೆದ ಮೇಲೆ ಇಂಥ ನದಿಯನ್ನು ಜೀವಂತವಾಗಿಡುವುದು ನೆಲದೊಳಗಿನ ಒಸರು. ಕೊಳವೆಬಾವಿಗಳು ಅಂತರ್ಜಲವನ್ನು ಪಾತಾಳಕ್ಕಿಳಿಸಿದವು. ನೀಲಗಿರಿ ತೋಪುಗಳು ಮಣ್ಣಿನ ತೇವವನ್ನು ಹೀರಿದವು. ಕೆರೆಗೆ ನೀರು ತರುವ ಕಾಲುವೆಗಳು ಮುಚ್ಚಿಹೋದವು. ನದಿಯೆಂದರೆ ಕೇವಲ ಪಾತ್ರವಲ್ಲ, ಅದಕ್ಕೆ ನೀರುಣಿಸುವ ನೆಲವೆಲ್ಲವೂ ನದಿಯೇ ಎಂಬುದನ್ನು ನಾವು ಮರೆತೆವು.

ದೂರದ ನದಿಗಳನ್ನು ನಗರಕ್ಕೆ ತರುವ ಮಾತು ಬಂದಾಗಲೆಲ್ಲ ನನ್ನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮನೆಬಾಗಿಲ ನದಿಯನ್ನು ಕಾಯಲಾರದವರು ಪರಸ್ಥಳದ ನದಿಯನ್ನು ಕಾದಾರೆ?